ಗ್ರಾಫಿಕ್ಸ್ ಕಾರ್ಡನ್ನು ಬದಲಿಸುವ ಹೊತ್ತು

ಮಿತವಾದ ಆದಾಯದಲ್ಲಿ ಒಂದು ಗಣಕಯಂತ್ರವನ್ನು ಇಟ್ಟುಕೊಂಡು ಅದರಲ್ಲಿ ಆಟವನ್ನೋ ಚಿತ್ರಸಂಕಲನವನ್ನೋ ನಡೆಸತಕ್ಕ ತರುಣರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ‘ನನ್ನ ಗ್ರಾಫಿಕ್ಸ್ ಕಾರ್ಡು ಹಳೆಯದಾಯಿತಲ್ಲ, ಬದಲಿಸಲೆ?’ ಎಂಬುದು ಬಹುಶಃ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಎಲ್ಲಕ್ಕಿಂತ ಹೆಚ್ಚಾಗಿ ದಾರಿ ತಪ್ಪಿಸತಕ್ಕದ್ದೂ ಅದೇ. ದೇಹಕ್ಕೆ ಮುಪ್ಪು ಬರುವ ಅರ್ಥದಲ್ಲಿ ಸಿಲಿಕಾನಿಗೆ ಮುಪ್ಪಿಲ್ಲ. 2016ರ ಜುಲೈ ತಿಂಗಳಲ್ಲಿ ಎನ್‌ವಿಡಿಯಾ ಸಂಸ್ಥೆಯು ಹೊರತಂದ ಜಿಟಿಎಕ್ಸ್ 1060 ಎಂಬ ಕಾರ್ಡು ಆ ದಿನ ಒಂದು ಸೆಕೆಂಡಿನಲ್ಲಿ ಎಷ್ಟು ಲೆಕ್ಕ ಮಾಡುತ್ತಿತ್ತೋ, ಬಿಸಿಯೇರದಂತೆ ನೋಡಿಕೊಂಡರೆ ಇಂದಿಗೂ ಅಷ್ಟನ್ನೇ ಮಾಡುತ್ತದೆ. ಅದರ 1280 ಗಣನಘಟಕಗಳಲ್ಲಿ ಒಂದಾದರೂ ಕಾಲಕ್ರಮದಿಂದ ಆಲಸ್ಯವನ್ನು ಕಲಿತಿಲ್ಲ. ಹಾಗಿದ್ದೂ ಅದೇ ಕಾರ್ಡು ಅಂದು ಸಮರ್ಥವೆಂದೂ ಇಂದು ಅಸಮರ್ಥವೆಂದೂ ತೋರುತ್ತಿದ್ದರೆ, ವ್ಯತ್ಯಾಸವು ಅದರ ಮೇಲೆ ನಾವು ಹೇರುವ ಹೊರೆಯಲ್ಲಿ ಇರಬೇಕಷ್ಟೆ. ಆದಕಾರಣ ವಿವೇಕಿಯಾದವನು ಕಾರ್ಡಿನ ವಯಸ್ಸನ್ನು ಬದಿಗಿಟ್ಟು, ತನ್ನ ಹೊರೆ ಯಾವುದು, ಅದರಲ್ಲಿ ಯಾವ ಅಂಶವು ಈಗ ಸಾಗುತ್ತಿಲ್ಲ ಎಂಬುದನ್ನು ಮೊದಲು ಹೆಸರಿಟ್ಟು ಹೇಳಬಲ್ಲವನಾಗಬೇಕು. ಹಾಗೆ ಹೇಳಲಾರದವನು ಕೊಳ್ಳಬಾರದು. ಹೇಳಬಲ್ಲವನು ವೃಥಾ ಕಾಯಬಾರದು. ಈ ಎರಡನೆಯ ಮಾತೇ ಹೆಚ್ಚು ವಿವಾದಾಸ್ಪದವಾದದ್ದರಿಂದ ಅದಕ್ಕೆ ಹೆಚ್ಚಿನ ಸಮರ್ಥನೆ ಬೇಕಾಗುತ್ತದೆ.

ಹೊರೆ ಹೇಗೆ ಏರುತ್ತದೆ ಎಂಬುದಕ್ಕೆ ‘ಸೈಬರ್‌ಪಂಕ್ 2077’ ಎಂಬ ಆಟವು ಒಳ್ಳೆಯ ನಿದರ್ಶನ. 2020ರ ಡಿಸೆಂಬರಿನಲ್ಲಿ ಅದು ಹೊರಬಂದಾಗ ಅದರ ನಿರ್ಮಾತೃಗಳು ಶಿಫಾರಸು ಮಾಡಿದ ಕಾರ್ಡುಗಳ ಪಟ್ಟಿಯಲ್ಲಿ 6 ಜಿಬಿ ಮೆಮೊರಿಯುಳ್ಳ ಜಿಟಿಎಕ್ಸ್ 1060 ಇತ್ತು. 2023ರಲ್ಲಿ ಆಟವನ್ನು ಪರಿಷ್ಕರಿಸಿದಾಗ ಅದೇ ಕಾರ್ಡು ಕನಿಷ್ಠ ಅರ್ಹತೆಯ ಸಾಲಿಗೆ ಇಳಿಯಿತು. ಆಟವೂ ಅದೇ, ಕಾರ್ಡೂ ಅದೇ. ಮೂರು ವರ್ಷದೊಳಗೆ ಪದವಿ ಮಾತ್ರ ಬೇರೆಯಾಯಿತು. ಇದಕ್ಕೆ ಕಾರ್ಡು ತಯಾರಕರ ಪಂಚಾಂಗವನ್ನು ಕಾರಣವೆಂದು ಭಾವಿಸುವುದು ವಾಡಿಕೆ. ನನ್ನ ಎಣಿಕೆಯಲ್ಲಿ ನಿಜವಾದ ಗಡಿಯಾರವು ಬೇರೆಡೆ ಇದೆ. ಬಹು ದೊಡ್ಡ ಬಂಡವಾಳದ ಆಟಗಳು ಟಿವಿಗೆ ಜೋಡಿಸುವ ಕನ್ಸೋಲುಗಳನ್ನು ಲಕ್ಷ್ಯದಲ್ಲಿಟ್ಟುಕೊಂಡು ರಚಿತವಾಗತಕ್ಕವು. 2013ರ ಪ್ಲೇಸ್ಟೇಷನ್ 4ರಲ್ಲಿ ಸಮಸ್ತ ಕೆಲಸಕ್ಕೂ ಸೇರಿ ಇದ್ದದ್ದು 8 ಜಿಬಿ ಮೆಮೊರಿ. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಅದು 16 ಜಿಬಿಗೆ ಏರಿತು. ಹೊಸ ಕನ್ಸೋಲು ಬಂದ ಮೇಲೆಯೂ ಎರಡು ಮೂರು ವರ್ಷ ಆಟಗಳು ಹಳೆಯದಕ್ಕೂ ಒಗ್ಗುವಂತೆ ಸಿದ್ಧವಾಗುತ್ತಿದ್ದುದರಿಂದ 2016ರ ಸಾಧಾರಣ ಕಾರ್ಡೊಂದು ಏಳು ವರ್ಷಗಳವರೆಗೆ ಮರ್ಯಾದೆಯಿಂದ ಬಾಳಿತು. ‘ಸ್ಟೀಮ್’ ಮಳಿಗೆಯು ತನ್ನ ಬಳಕೆದಾರರ ಯಂತ್ರಗಳನ್ನು ಕುರಿತು ನಡೆಸುವ ಸಮೀಕ್ಷೆಯಲ್ಲಿ ಈ 1060 ಹಲವು ವರ್ಷ ಅಗ್ರಸ್ಥಾನದಲ್ಲಿ ಇದ್ದುದಕ್ಕೆ ಅದರ ಗುಣ ಎಷ್ಟು ಕಾರಣವೋ ಹಳೆಯ ಕನ್ಸೋಲಿನ ದೀರ್ಘಾಯುಷ್ಯವೂ ಅಷ್ಟೇ ಕಾರಣ. ಹಳೆಯ ಕನ್ಸೋಲನ್ನು ಆಟಗಳ ನಿರ್ಮಾತೃಗಳು ಕೈಬಿಟ್ಟ ಕ್ಷಣದಿಂದ ಹೊರೆ ಏಕಾಏಕಿ ಏರಿತು. ಎರಡು ವರ್ಷಕ್ಕೊಮ್ಮೆ ಹೊಸ ಅಂಕಿಯನ್ನು ಧರಿಸಿ ಬರುವ ಕಾರ್ಡುಗಳಿಗೂ ಈ ಏರಿಕೆಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ.

ಇನ್ನು ಅಭಾವವನ್ನು ಹೆಸರಿಸುವ ವಿಷಯ. ಧಾರವಾಡದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಬಂಧುಗಳ ಹುಡುಗನೊಬ್ಬನು, ತನ್ನ 1060 ಕಾರ್ಡು ‘ಸತ್ತಂತೆಯೇ’ ಎಂದು ತೀರ್ಮಾನಿಸಿ, ತಂದೆಯಿಂದ ಮೂವತ್ತು ಸಾವಿರ ರೂಪಾಯಿಯನ್ನು ಹೊರಡಿಸುವ ಉಪಾಯದಲ್ಲಿದ್ದ. ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ ನೋಡಿದರೆ, ಕಾರ್ಡಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೆಮ್ಮಣ್ಣಿನ ಧೂಳು ನೂಲಿನೊಡನೆ ಹೆಣೆದುಕೊಂಡು, ಬೆರಳಿನಿಂದ ಎಳೆದರೆ ಕಂಬಳಿಯ ಚೂರಿನಂತೆ ಇಡಿಯಾಗಿ ಕಳಚಿ ಬರುವಷ್ಟು ದಟ್ಟವಾಗಿತ್ತು. ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಉಷ್ಣತೆ 83 ಡಿಗ್ರಿಯನ್ನು ಮುಟ್ಟುತ್ತಿತ್ತು. ಆ ಮಟ್ಟದಲ್ಲಿ ಈ ಜಾತಿಯ ಕಾರ್ಡು ತನ್ನನ್ನು ತಾನು ರಕ್ಷಿಸಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಧೂಳನ್ನು ತೆಗೆದು, ಚಿಪ್ಪಿಗೂ ತಾಪಹಾರಿ ಲೋಹಕ್ಕೂ ನಡುವೆ ಒಣಗಿ ಸುಣ್ಣದಂತಾಗಿದ್ದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದ ಮೇಲೆ ಉಷ್ಣತೆ ಹತ್ತು ಡಿಗ್ರಿಗೂ ಮಿಕ್ಕು ಇಳಿಯಿತು, ಆಟ ತಕ್ಕಮಟ್ಟಿಗೆ ಸರಾಗವಾಯಿತು. ಮುನ್ನೂರು ರೂಪಾಯಿಯ ಪೇಸ್ಟಿನಿಂದ ಸಮಗ್ರ ಸಮಸ್ಯೆಯೂ ಪರಿಹಾರವಾಯಿತೆಂದು ನಾನು ಹೇಳಲಾರೆ. ಆದರೆ ಉಳಿದ ಸಮಸ್ಯೆ ಏನೆಂಬುದು ಅದರಿಂದ ನಿಚ್ಚಳವಾಯಿತು.

ಉಳಿದದ್ದನ್ನು ಕಂಡುಕೊಳ್ಳುವ ವಿಧಾನವು ಸರಳವಾದದ್ದು, ಆದರೂ ಜನ ಅದನ್ನು ಮಾಡದೆಯೇ ಅಂಗಡಿಗೆ ಹೋಗುತ್ತಾರೆ. ಆಟದ ಚಿತ್ರವು 1920ಕ್ಕೆ 1080ರ ಅಳತೆಯಲ್ಲಿ, ಅಂದರೆ ಇಪ್ಪತ್ತು ಲಕ್ಷಕ್ಕೂ ಮೀರಿದ ಬಿಂದುಗಳಲ್ಲಿ ಮೂಡುತ್ತಿದ್ದರೆ, ಅದನ್ನು 1280ಕ್ಕೆ 720ರ ಅಳತೆಗೆ ಇಳಿಸಿ ನೋಡತಕ್ಕದ್ದು. ಬಿಂದುಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗುವುದರಿಂದ, ಕಾರ್ಡೇ ಬಸವಳಿದಿದ್ದ ಪಕ್ಷದಲ್ಲಿ ಸೆಕೆಂಡಿಗೆ ಮೂಡುವ ಫ್ರೇಮುಗಳು ಧಾರಾಳವಾಗಿ ಏರಬೇಕು. ಏರದೆ ಹೋದರೆ, ತಡೆಯು ಪ್ರೊಸೆಸರಿನಲ್ಲಿದೆ. ಆಗ ಎಷ್ಟೇ ಬೆಲೆಯ ಕಾರ್ಡನ್ನು ತಂದು ಚುಚ್ಚಿದರೂ ಅದು ಪ್ರೊಸೆಸರಿನ ಮುಖವನ್ನೇ ನೋಡುತ್ತ ಕುಳಿತಿರುತ್ತದೆ. ಸರಾಸರಿ ವೇಗವು ಚೆನ್ನಾಗಿಯೇ ಇದ್ದು, ನಡುನಡುವೆ ಮಾತ್ರ ದೃಶ್ಯವು ಗಕ್ಕನೆ ನಿಂತು ಮುಗ್ಗರಿಸುತ್ತಿದ್ದು, ‘ಟೆಕ್ಸ್‌ಚರ್’ ಎಂಬ ಒಂದೇ ಆಯ್ಕೆಯನ್ನು ತಗ್ಗಿಸಿದೊಡನೆ ಆ ಮುಗ್ಗರಿಕೆ ನಿಲ್ಲುವುದಾದರೆ, ಕೊರತೆಯು ಕಾರ್ಡಿನ ಶಕ್ತಿಯಲ್ಲಿರದೆ ಅದರ ವಿಡಿಯೊ ಮೆಮೊರಿಯಲ್ಲಿದೆ ಎಂದು ತಿಳಿಯಬೇಕು. ಈ ಮೂರೂ ಬೇರೆ ಬೇರೆ ವ್ಯಾಧಿಗಳು; ಮೂರಕ್ಕೂ ‘ಲ್ಯಾಗ್’ ಎಂಬ ಒಂದೇ ಹೆಸರನ್ನಿಟ್ಟುಕೊಂಡಿರುವುದರಿಂದ ಹಣವು ತಪ್ಪು ಔಷಧಕ್ಕೆ ಹೋಗುತ್ತದೆ.

ಇವಲ್ಲದೆ ಯಾವ ಹೊಂದಾಣಿಕೆಗೂ ಜಗ್ಗದ ಇನ್ನೊಂದು ಕೊರತೆಯುಂಟು. 2024ರ ಡಿಸೆಂಬರಿನ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’, 2025ರ ಮೇ ತಿಂಗಳ ‘ಡೂಮ್: ದ ಡಾರ್ಕ್ ಏಜಸ್’ ಎಂಬ ಆಟಗಳು ಬೆಳಕಿನ ಕಿರಣಗಳ ಗತಿಯನ್ನು ಲೆಕ್ಕಹಾಕುವ ‘ರೇ ಟ್ರೇಸಿಂಗ್’ ಯಂತ್ರಾಂಗವು ಕಾರ್ಡಿನಲ್ಲಿಯೇ ಇರಬೇಕೆಂದು ವಿಧಿಸುತ್ತವೆ, 1060ರಲ್ಲಿ ಆ ಅಂಗವೇ ಇಲ್ಲವಾದದ್ದರಿಂದ ಚಿತ್ರದ ಅಂದವನ್ನು ಎಷ್ಟು ಇಳಿಸಿಕೊಂಡರೂ ಪ್ರಯೋಜನವಿಲ್ಲ. ಅಂತೆಯೇ, 1060ರ ಪೀಳಿಗೆಗೆ ಹೊಸ ಆಟಗಳಿಗೆ ತಕ್ಕ ಡ್ರೈವರ್ ತಂತ್ರಾಂಶವನ್ನು ಒದಗಿಸುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸುವುದಾಗಿ ಸಾರಿ, ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಇನ್ನು ಮೂರು ವರ್ಷ ಕೊಡುವುದಾಗಿ ಹೇಳಿತು. ಇಂಥ ಆಟವನ್ನು ಆಡಲೇಬೇಕೆಂಬುವನಿಗೆ ಮೀಮಾಂಸೆಯ ಅಗತ್ಯವಿಲ್ಲ, ಕಾರ್ಡಿನ ಅಗತ್ಯವಿದೆ. ‘ವ್ಯಾಲೊರಂಟ್’, ‘ಕೌಂಟರ್-ಸ್ಟ್ರೈಕ್ 2’ಗಳಲ್ಲಿಯೇ ತನ್ನ ಸಂಜೆಗಳನ್ನು ಕಳೆಯುವವನಿಗೆ ಎರಡರ ಅಗತ್ಯವೂ ಇಲ್ಲ.

ಇಲ್ಲಿ ಒಂದು ಮಾತನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಸೆಕೆಂಡಿಗೆ 60 ಫ್ರೇಮುಗಳೆಂದರೆ ಒಂದೊಂದು ಚಿತ್ರಕ್ಕೂ ಕಾರ್ಡಿಗೆ ದೊರಕುವ ಅವಧಿ ಸುಮಾರು 16.7 ಮಿಲಿಸೆಕೆಂಡು. ಈ ಅವಧಿಯೊಳಗೆ ‘ಅಲ್ಟ್ರಾ’ ಎಂಬ ಅತ್ಯುಚ್ಚ ಶ್ರೇಣಿಯಲ್ಲಿ ಚಿತ್ರಿಸಲಾರದ ಕಾರ್ಡು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಹೈ’ ಶ್ರೇಣಿಯಲ್ಲಿ ನಿರಾಯಾಸವಾಗಿ ಚಿತ್ರಿಸುವುದು ಬಹು ಸಾಮಾನ್ಯ. ಈ ಎರಡು ಶ್ರೇಣಿಗಳ ಭೇದವು, ದೃಶ್ಯವನ್ನು ನಿಲ್ಲಿಸಿ ನೆರಳಿನ ಅಂಚನ್ನು ಹಿಗ್ಗಿಸಿ ನೋಡುವ ವಿಮರ್ಶಕನಿಗೆ ಗೋಚರವಾಗಬಹುದು. ಓಡುತ್ತ, ಗುರಿಯಿಡುತ್ತ, ಗೋಡೆಯನ್ನು ಹಾರುತ್ತ ಇರುವ ಆಟಗಾರನಿಗೆ ಅದು ಕಾಣುತ್ತದೆಂದು ನಾನು ನಂಬಲಾರೆ. ಹಾಗೆಯೇ, ಎಎಂಡಿ ಸಂಸ್ಥೆಯು 2021ರಲ್ಲಿ ಹೊರಗೆಡಹಿದ ‘ಎಫ್‌ಎಸ್‌ಆರ್’ ಎಂಬ ವಿಧಾನವು, ಚಿತ್ರವನ್ನು ಸಣ್ಣ ಅಳತೆಯಲ್ಲಿ ಬರೆದು ಉಪಾಯದಿಂದ ದೊಡ್ಡದು ಮಾಡಿ ತೋರಿಸುವ ವಿದ್ಯೆಯನ್ನು, ಪ್ರತಿಸ್ಪರ್ಧಿಯ ಹಳೆಯ ಕಾರ್ಡುಗಳಿಗೂ ಉಚಿತವಾಗಿ ದೊರಕುವಂತೆ ಮಾಡಿದೆ. ಇದರಲ್ಲಿ ಚಿತ್ರವು ಕಿಂಚಿತ್ ಮಸುಕಾಗುವುದು ನಿಜ. ಆದರೆ ಬಿಡಿಗಾಸಿಲ್ಲದೆ ಒಂದು ವರ್ಷದ ಅವಕಾಶ ದೊರಕುವುದೂ ಅಷ್ಟೇ ನಿಜ.

ಇಷ್ಟನ್ನು ಕೇಳಿದವರು ನನ್ನನ್ನು ಕಾಯುವಿಕೆಯ ಪಕ್ಷಪಾತಿಯೆಂದು ಎಣಿಸಬಹುದು. ವಸ್ತುಸ್ಥಿತಿ ಬೇರೆ. ಅಭಾವವು ನಿರ್ಣಯವಾದ ಮೇಲೆ ‘ಮುಂದಿನ ಪೀಳಿಗೆ ಬರಲಿ, ಬೆಲೆ ಬೀಳಲಿ’ ಎಂದು ಕಾಯುವುದು ಒಂದು ಕಾಲಕ್ಕೆ ವಿವೇಕವಾಗಿತ್ತು. ಈಗ ಅದು ಬಹುಮಟ್ಟಿಗೆ ಅಭ್ಯಾಸಬಲ. 2014ರ ಸೆಪ್ಟೆಂಬರಿನಲ್ಲಿ ಜಿಟಿಎಕ್ಸ್ 980 ಎಂಬ ಕಾರ್ಡಿಗೆ ಅಮೆರಿಕದಲ್ಲಿ ನಿಗದಿಯಾದ ಬೆಲೆ 549 ಡಾಲರು. ಎರಡೇ ವರ್ಷದೊಳಗೆ, ಹೆಚ್ಚುಕಡಮೆ ಅದೇ ಸಾಮರ್ಥ್ಯವನ್ನು 1060 ಎಂಬ ಹೆಸರಿನಲ್ಲಿ 249 ಡಾಲರಿಗೆ ಕೊಳ್ಳಬಹುದಾಗಿತ್ತು. ಅಂದು ಎರಡು ವರ್ಷ ಕಾದವನಿಗೆ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯವಾಯಿತು. ಅದೇ ಕಾಯುವಿಕೆಯು 2021ರಿಂದ 2023ರವರೆಗೆ ಏನನ್ನು ಕೊಟ್ಟಿತೆಂದು ನೋಡಿದರೆ, 329 ಡಾಲರಿನ ಆರ್‌ಟಿಎಕ್ಸ್ 3060ರ ಸ್ಥಾನಕ್ಕೆ 299 ಡಾಲರಿನ 4060 ಬಂದಿತು. ವೇಗದಲ್ಲಿ ಶೇಕಡಾ ಇಪ್ಪತ್ತರ ಆಸುಪಾಸಿನ ಮುನ್ನಡೆ, ವಿಡಿಯೊ ಮೆಮೊರಿಯಲ್ಲಿಯಾದರೋ 12 ಜಿಬಿಯಿಂದ 8 ಜಿಬಿಗೆ ಹಿನ್ನಡೆ. ಇನ್ನೂ ಎರಡು ವರ್ಷ ಕಾದವನಿಗೆ 2025ರ ಮೇ ತಿಂಗಳಲ್ಲಿ 5060 ದೊರಕಿತು: ಮತ್ತೆ 299 ಡಾಲರು, ಮತ್ತೆ 8 ಜಿಬಿ.

ಹೀಗಾದದ್ದಕ್ಕೆ ಕಾರಣವನ್ನು ತಯಾರಕರ ಲೋಭವೊಂದಕ್ಕೇ ಆರೋಪಿಸುವುದು ಸುಲಭ, ಪೂರ್ಣ ಸತ್ಯವಲ್ಲ. ಒಂದು ಚಿಪ್ಪಿನೊಳಗೆ ಹಿಡಿಯುವ ಟ್ರಾನ್ಸಿಸ್ಟರುಗಳ ಸಂಖ್ಯೆ ನಿಯತಕಾಲಕ್ಕೆ ಇಮ್ಮಡಿಯಾಗುತ್ತದೆಂದು ಗಾರ್ಡನ್ ಮೂರ್ 1965ರಲ್ಲಿ ಗುರುತಿಸಿದ್ದು ಕೇವಲ ಸಾಂದ್ರತೆಯ ಮಾತಾಗಿರಲಿಲ್ಲ, ಅಗ್ಗವಾಗುವಿಕೆಯ ಮಾತೂ ಆಗಿತ್ತು. ಸಾಂದ್ರತೆಯು ಇಂದಿಗೂ ಕುಂಟುತ್ತ ಏರುತ್ತಿದೆಯಾದರೂ, ಹೊಸ ಹೊಸ ತಯಾರಿಕಾ ವಿಧಾನಗಳ ವೆಚ್ಚವು ಅದಕ್ಕಿಂತ ಮುಂದೆ ಓಡುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು ಚಿಪ್ಪುಗಳ ಬೆಲೆ ಇಳಿಯುವ ಕಾಲ ಮುಗಿಯಿತೆಂಬ ಅಭಿಪ್ರಾಯವನ್ನು ಬಹಿರಂಗವಾಗಿ ಆಡಿದಾಗ ಕೊಳ್ಳುವವರು ಸಿಟ್ಟಾದರು. ಮಾರುವವನ ಬಾಯಲ್ಲಿ ಬಂದ ಮಾತಾದ್ದರಿಂದ ಸಿಟ್ಟಿಗೆ ಆಸ್ಪದವಿತ್ತು. ಆದರೆ ಅನಂತರದ ಬೆಲೆಪಟ್ಟಿಗಳು ಅವರ ಮಾತನ್ನು ಅಲ್ಲಗಳೆದಿಲ್ಲ. ಇದಕ್ಕೆ ಅಪವಾದವೆಂಬಂತೆ ತೋರುವ ಒಂದು ಕಾಲಖಂಡವನ್ನು ಹೇಳಲೇಬೇಕು. 2020ರಿಂದ 2022ರವರೆಗೆ ಸಾಂಕ್ರಾಮಿಕದ ಅಭಾವವೂ ಈಥೀರಿಯಂ ನಾಣ್ಯದ ಗಣಿಗಾರಿಕೆಯೂ ಕೂಡಿ ಕಾರ್ಡುಗಳ ಬೆಲೆಯನ್ನು ನಿಗದಿತ ಬೆಲೆಯ ಇಮ್ಮಡಿಗೂ ಏರಿಸಿದ್ದವು. 2022ರ ಸೆಪ್ಟೆಂಬರ್ 15ರಂದು ಆ ನಾಣ್ಯವು ಗಣಿಗಾರಿಕೆಯ ಪದ್ಧತಿಯನ್ನೇ ತ್ಯಜಿಸಿತು. ಆಗ ಕಾದವರು ಗೆದ್ದರು. ಆದರೆ ಅವರು ಗೆದ್ದದ್ದು ಕೃತಕವಾಗಿ ಉಬ್ಬಿದ ಬೆಲೆಯು ಸಹಜ ಸ್ಥಿತಿಗೆ ಮರಳಿದ್ದರಿಂದ. ಆ ಅನುಭವವನ್ನು ಸಾರ್ವಕಾಲಿಕ ನಿಯಮವೆಂದು ನಂಬಿ ಇಂದಿಗೂ ಕಾಯುತ್ತಿರುವವರು, ಬಾರದ ಇಳಿತವೊಂದರ ನಿರೀಕ್ಷೆಯಲ್ಲಿ ಆಡಬಹುದಾಗಿದ್ದ ಸಂಜೆಗಳನ್ನು ಕಳೆದುಕೊಳ್ಳುತ್ತಿದ್ದಾರೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದ ಮೆಮೊರಿ ಚಿಪ್ಪುಗಳ ಬೆಲೆ ತೀವ್ರವಾಗಿ ಏರಿದ್ದನ್ನು ಕಂಡವರಿಗೆ, ಕಾಲವು ಯಾವಾಗಲೂ ಕೊಳ್ಳುವವನ ಪಕ್ಷದಲ್ಲಿದೆ ಎಂಬ ಭರವಸೆ ಇನ್ನಷ್ಟು ಸಡಿಲವಾಗಿರಬೇಕು.

ಬೆಲೆಯ ಮಾತು ಬಂದಾಗ, ಡಾಲರಿನ ಅಂಕಿಯನ್ನು ನೋಡಿ ಮನಸ್ಸಿನಲ್ಲಿಯೇ ರೂಪಾಯಿಗೆ ತಿರುಗಿಸಿಕೊಂಡು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವನು ಮೋಸ ಮಾಡುತ್ತಿದ್ದಾನೆಂದು ಹಲುಬುವುದು ನಮ್ಮಲ್ಲಿ ರೂಢಿ. ಅಮೆರಿಕದ ಘೋಷಿತ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. 2023ರ ಮಧ್ಯಭಾಗದ ವಿನಿಮಯದಲ್ಲಿ 299 ಡಾಲರು ಸುಮಾರು ₹24,500 ಆಗುತ್ತಿತ್ತು. ಶೇಕಡಾ 18ರ ಜಿಎಸ್‌ಟಿ ಸೇರಿದರೆ ಅದೇ ₹29,000ದ ಹತ್ತಿರ ಬರುತ್ತದೆ. ವರ್ತಕನ ಲಾಭವು ಅದರ ಮೇಲಿನ ಮಾತು.

ಆದರೆ ಕೊಳ್ಳುವವನ ನಿಜವಾದ ಆಯವ್ಯಯವು ಕಾರ್ಡಿನ ಬೆಲೆಯಲ್ಲಿ ಮುಗಿಯುವುದಿಲ್ಲ, ಮತ್ತು ಅಲ್ಪವೆಚ್ಚದ ಯೋಜನೆಗಳು ಮುರಿದು ಬೀಳುವುದು ಬಹುಪಾಲು ಇಲ್ಲಿಯೇ. 2022ರ ಜನವರಿಯಲ್ಲಿ 199 ಡಾಲರಿಗೆ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡನ್ನು ಬಡವನ ಬಂಧುವೆಂದು ಸ್ವಾಗತಿಸಿದವರಿದ್ದರು. ಅದು ಮದರ್‌ಬೋರ್ಡಿನೊಡನೆ ಮಾತನಾಡಲು ಕೇವಲ ನಾಲ್ಕು ಪಥಗಳನ್ನು ಬಳಸುತ್ತದೆ. ಪಿಸಿಐ ಎಕ್ಸ್‌ಪ್ರೆಸ್ 4.0 ಉಳ್ಳ ಹೊಸ ಬೋರ್ಡಿನಲ್ಲಿ ಆ ನಾಲ್ಕು ಪಥಗಳು ಹೇಗೋ ಸಾಲುತ್ತವೆ, 3.0 ಉಳ್ಳ ಹಳೆಯ ಬೋರ್ಡಿನಲ್ಲಿ ಅವುಗಳ ವೇಗ ಅರ್ಧವಾಗಿ, 4 ಜಿಬಿಯ ಅದರ ಅಲ್ಪ ಮೆಮೊರಿ ತುಂಬಿದೊಡನೆ ಆಟ ತೆವಳತೊಡಗುತ್ತದೆ. ಅಗ್ಗದ ಕಾರ್ಡನ್ನು ಅರಸುವವನ ಬಳಿ ಹಳೆಯ ಬೋರ್ಡೇ ಇರುವುದು ಸಹಜವಾದ್ದರಿಂದ, ಯಾರಿಗಾಗಿ ಅದು ಹುಟ್ಟಿತೋ ಅವರಿಗೇ ಅದು ಅತ್ಯಂತ ಅನುಚಿತವಾಯಿತು. ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದರೆಂದು ನಮ್ಮ ಹಿರಿಯರು ಆಡುತ್ತಿದ್ದುದು ಇಂಥವರನ್ನು ಕುರಿತೇ. ಇಂಟೆಲ್ ಸಂಸ್ಥೆಯು 2024ರ ಡಿಸೆಂಬರಿನಲ್ಲಿ 249 ಡಾಲರಿಗೆ ಕೊಟ್ಟ ಆರ್ಕ್ ಬಿ580 ಇದಕ್ಕಿಂತ ಬಹಳ ಮೇಲು, 12 ಜಿಬಿ ಮೆಮೊರಿಯುಳ್ಳದ್ದು. ಆದರೆ ಅದು ‘ರಿಸೈಜಬಲ್ ಬಾರ್’ ಎಂಬ ಸೌಲಭ್ಯವುಳ್ಳ, ತಕ್ಕಮಟ್ಟಿಗೆ ಹೊಸದಾದ ಪ್ರೊಸೆಸರನ್ನೂ ಬೋರ್ಡನ್ನೂ ಅಪೇಕ್ಷಿಸುತ್ತದೆ. ಧಾರವಾಡದ ಹುಡುಗನ ಐ5-7400 ನಾಲ್ಕೇ ಕೋರುಗಳ 2017ರ ಪ್ರೊಸೆಸರು. ಅದರಲ್ಲಿ ಬಿ580 ಹಾಕುವುದು ಹಣವನ್ನು ಹೂಳಿದಂತೆಯೇ ಸರಿ. ಎಂಟು ಪಥಗಳನ್ನು ಬಳಸುವ, 132 ವ್ಯಾಟಿನಲ್ಲಿ ನಡೆಯುವ ಆರ್‌ಎಕ್ಸ್ 6600 ಅವನ ಬೋರ್ಡಿಗೂ ಪವರ್ ಸಪ್ಲೈಗೂ ಒಗ್ಗುತ್ತದೆ, ಹಳೆಯದರ ಸುಮಾರು ಇಮ್ಮಡಿ ವೇಗವನ್ನೂ ಕೊಡಬಲ್ಲದು. ಇಮ್ಮಡಿಗೆ ಸಮೀಪವಿಲ್ಲದ ಮುನ್ನಡೆಗಾಗಿ ಹಣ ಚೆಲ್ಲಬಾರದೆಂಬುದು ನನ್ನ ಮತ. ಶೇಕಡಾ ಇಪ್ಪತ್ತೆಂದರೆ 50 ಫ್ರೇಮು 60 ಆಗುವುದು, ಅಷ್ಟನ್ನು ನೆರಳಿನ ಆಯ್ಕೆಯೊಂದನ್ನು ತಗ್ಗಿಸಿಯೇ ಪಡೆಯಬಹುದು.

ಹಳೆಯ ಕಾರ್ಡಿನ ಪೇಟೆಯನ್ನು ಕುರಿತು ಎರಡು ಮಾತು ಸಾಕು. ಗಣಿಗಾರಿಕೆಯಲ್ಲಿ ದುಡಿದ ಕಾರ್ಡನ್ನು ಕಂಡರೆ ಅಸ್ಪೃಶ್ಯವೆಂಬಂತೆ ಹಿಮ್ಮೆಟ್ಟಬೇಕಾಗಿಲ್ಲ. ಅದರ ಚಿಪ್ಪು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ, ಸವೆದಿರುವುದು ಫ್ಯಾನುಗಳೂ ಮೆಮೊರಿಯ ಮೇಲಿನ ತಾಪವಾಹಕ ಪಟ್ಟಿಗಳೂ. ಹೆದರಬೇಕಾದದ್ದು ಹೆಸರಿನ ಮೋಸಕ್ಕೆ. ಆರ್‌ಎಕ್ಸ್ 580 ಎಂಬುದರಲ್ಲಿ 2304 ಗಣನಘಟಕಗಳಿರತಕ್ಕದ್ದು. ಅದೇ ಹೆಸರಿನ ಹಿಂದೆ ‘2048ಎಸ್‌ಪಿ’ ಎಂಬ ಬಾಲವನ್ನು ಸಿಕ್ಕಿಸಿಕೊಂಡು ಬರುವುದು ವಸ್ತುತಃ ಒಂದು ಮೆಟ್ಟಿಲು ಕೆಳಗಿನ 570. ಕಾರ್ಡಿನ ಬಯೋಸನ್ನೇ ತಿದ್ದಿ, ಹತ್ತು ವರ್ಷ ಹಿಂದಿನ ಚಿಪ್ಪಿಗೆ ಹೊಸ ಹೆಸರನ್ನು ಉಚ್ಚರಿಸಲು ಕಲಿಸಿದ ಮಾಲೂ ಉಂಟು. ‘ಜಿಪಿಯು-ಝಡ್’ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಮಾರುವವನ ಯಂತ್ರದಲ್ಲಿಯೇ ಅದನ್ನು ತೆರೆದು ನೋಡಿದಲ್ಲದೆ ಹಣ ಎಣಿಸಕೂಡದು. ಬಿಲ್ಲನ್ನು ಕೇಳಿ ಪಡೆಯುವುದೂ ಲಜ್ಜೆಯ ವಿಷಯವಲ್ಲ.

ಹೊಸ ಕಾರ್ಡು ವಿದ್ಯುತ್ತನ್ನು ಉಳಿಸಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆಂಬ ವಾದವನ್ನೂ ಕೇಳಿದ್ದೇನೆ. 185 ವ್ಯಾಟಿನ ಆರ್‌ಎಕ್ಸ್ 580ನ್ನು ಕಿತ್ತು 115 ವ್ಯಾಟಿನ 4060ನ್ನು ಹಾಕಿದರೆ ಉಳಿಯುವುದು 70 ವ್ಯಾಟು. ದಿನಕ್ಕೆ ಮೂರು ಗಂಟೆ ಆಡುವವನಿಗೆ ವರ್ಷದಲ್ಲಿ ಸುಮಾರು 77 ಯೂನಿಟ್ಟು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ₹540. ಈ ದರದಲ್ಲಿ ₹29,000 ತೀರುವ ಹೊತ್ತಿಗೆ ಆ ಹುಡುಗನ ಮಕ್ಕಳು ಇಂಜಿನಿಯರಿಂಗ್ ಮುಗಿಸಿರುತ್ತಾರೆ. ಬ್ಲೆಂಡರಿನಲ್ಲಿ ಮೂರು ಆಯಾಮದ ಚಿತ್ರಗಳನ್ನು ಸಿದ್ಧಪಡಿಸಿಯೋ, ವಿಡಿಯೊ ಸಂಕಲನದಿಂದಲೋ ಜೀವನೋಪಾಯವನ್ನು ನಡೆಸುವವರ ಲೆಕ್ಕ ಬೇರೆ. ಅವರಿಗೆ ಕಾರ್ಡು ಬಂಡವಾಳ, ಉಳಿದ ತಾಸುಗಳಿಗೆ ಕೂಲಿ ಕಟ್ಟಿ ಅವರು ನಿರ್ಧರಿಸಬಹುದು, ಮತ್ತು ಅವರು ವೇಗಕ್ಕಿಂತ ಮೊದಲು ಮೆಮೊರಿಯನ್ನು ನೋಡಬೇಕು. ಆಟದವನು ಮಾತ್ರ ತಾನು ಸುಖಕ್ಕಾಗಿ ಖರ್ಚು ಮಾಡುತ್ತಿದ್ದೇನೆಂಬುದನ್ನು ಯಾವ ಲಾಭದ ನೆಪದಿಂದಲೂ ಮರೆಮಾಡಿಕೊಳ್ಳಬೇಕಾಗಿಲ್ಲ. ಸುಖವು ಖರ್ಚಿಗೆ ಯೋಗ್ಯವಾದ ಕಾರಣವೇ.

ನಮ್ಮ ಹುಡುಗನ ವ್ಯಾಜ್ಯವಾದರೋ ಹೀಗೆ ನಿಂತಿದೆ. ಅವನು ಆಡಬೇಕೆಂದಿರುವ ಆಟಗಳಲ್ಲಿ ಒಂದು ‘ಡೂಮ್’. ಅದಕ್ಕೆ ರೇ ಟ್ರೇಸಿಂಗ್ ಅಂಗ ಬೇಕೇ ಬೇಕು. ಅಭಾವಕ್ಕೆ ಹೆಸರು ಸಿಕ್ಕಿತು. ಆದರೆ ಅವನ ಪ್ರೊಸೆಸರು ಏಳನೆಯ ಪೀಳಿಗೆಯದಾದ್ದರಿಂದ ವಿಂಡೋಸ್ 11 ಅದನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಪೋಷಣೆಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾಲ್ಕು ಕೋರುಗಳ ಆ ಪ್ರೊಸೆಸರು ಹೊಸ ಆಟಗಳಲ್ಲಿ ಹೊಸ ಕಾರ್ಡನ್ನು ಹಿಂದಕ್ಕೆಳೆಯುವುದೂ ಖಂಡಿತ. ಆದ್ದರಿಂದ ನಾನು ಹೇಳಿದ್ದು: ಮೂವತ್ತು ಸಾವಿರವನ್ನೂ ಕಾರ್ಡೊಂದಕ್ಕೇ ಸುರಿಯಬೇಡ, ಬಿಲ್ಲುಳ್ಳ, ಪರೀಕ್ಷಿಸಿದ, ಒಮ್ಮೆ ಬಳಸಿದ 6600 ಒಂದನ್ನು ಈಗಲೇ ತೆಗೆದುಕೊ, ಉಳಿದ ಹಣವನ್ನು ಮುಂದಿನ ವರ್ಷದ ಬೋರ್ಡಿಗೂ ಪ್ರೊಸೆಸರಿಗೂ ತೆಗೆದಿಡು, ಆ ಕಾರ್ಡು ಅಲ್ಲಿಗೂ ನಿನ್ನೊಡನೆ ಬರುತ್ತದೆ. ಅವನ ತಂದೆ ಈ ಸಲಹೆಯ ಮೊದಲರ್ಧವನ್ನು ಒಪ್ಪಿದ್ದಾರೆ. ಎರಡನೆಯ ಅರ್ಧವನ್ನು ಸೆಮಿಸ್ಟರಿನ ಅಂಕಗಳು ಬಂದ ಮೇಲೆ ವಿಚಾರಿಸುವುದಾಗಿ ಹೇಳಿದ್ದಾರೆ.